ವಿಭಕ್ತಿಗಳ ಪಟ್ಟಿ ಬಾಯಿಪಾಠವಿದೆ, ವಾಕ್ಯದಲ್ಲಿ ಪ್ರತ್ಯಯ ಬರುವುದಿಲ್ಲ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಗದಗ. ನಮ್ಮ ತಂದೆಯವರಿಗೆ 67 ವರ್ಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಐದು ತಿಂಗಳ ಹಿಂದೆ ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆಯಿತು. ಬಲಗೈಗೆ ಇನ್ನೂ ಶಕ್ತಿ ಬಂದಿಲ್ಲ, ಕೋಲು ಹಿಡಿದು ನಡೆಯುತ್ತಾರೆ. ನಾವು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತದೆ. ಆದರೆ ಅವರ ಮಾತು ಮಾತ್ರ ತುಂಡು ತುಂಡಾಗಿ ಬರುತ್ತದೆ: "ಮೊಮ್ಮಗ... ಸಾಲಿ... ಹೋಗು", "ಔಷಧ... ಅಂಗಡಿ... ತಮ್ಮ". ಹೀಗಿದ್ದೂ ಯಾವುದಾದರೂ ವಚನದ ಮೊದಲ ಮಾತನ್ನು ಎತ್ತಿಕೊಟ್ಟರೆ ಕೊನೆಯವರೆಗೆ ತಡೆಯಿಲ್ಲದೆ ಹೇಳುತ್ತಾರೆ. ಮೊನ್ನೆ ನನ್ನ ಮಗ ವಿಭಕ್ತಿ ಪ್ರತ್ಯಯ ಓದುತ್ತಿದ್ದಾಗ ಉ, ಅನ್ನು, ಇಂದ, ಗೆ ಎಂದು ಇಡೀ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಅದನ್ನು ಕೇಳಿದ ಸಂಬಂಧಿಕರು "ಎಲ್ಲಾ ಬರತೈತಿ, ಬೇಕಂತ ಹಿಂಗ ಮಾಡತಾರ" ಎನ್ನುತ್ತಾರೆ; ಇನ್ನು ಕೆಲವರು "ಬುದ್ಧಿನ ಹೋಗೇತಿ" ಎನ್ನುತ್ತಾರೆ. ನನ್ನ ತಮ್ಮ ದಿನಾಲೂ ಸಂಜೆ ಐದನೆಯ ತರಗತಿಯ ವ್ಯಾಕರಣ ಹಿಡಿದು ಕೂಡುತ್ತಾನೆ, ತಪ್ಪಿದರೆ ಹತ್ತು ಸಲ ಹೇಳಿಸುತ್ತಾನೆ. ಈಗೀಗ ಸಂಜೆಯಾದರೆ ಸಾಕು, ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಾರೆ. ಒಬ್ಬರು ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡಿಸಿ ಎಂದು ಹೇಳಿದ್ದಾರೆ. ಅಪ್ಪ ತಮ್ಮ ಕನ್ನಡವನ್ನೇ ಮರೆತಿದ್ದಾರೆಯೇ? ಮೊದಲಿನಂತೆ ಪಾಠ ಹೇಳುವಷ್ಟು ಮಾತು ಮರಳಿ ಬರುತ್ತದೆಯೇ?

ಉತ್ತರ: ನಮಸ್ಕಾರ ತಂಗಿ. ನಿಮ್ಮ ತಮ್ಮನ ಸಂಜೆಯ ಪಾಠವನ್ನು ಇಂದಿನಿಂದಲೇ ನಿಲ್ಲಿಸಿ. ಕಾರಣವನ್ನು ಮುಂದೆ ಹೇಳುತ್ತೇನೆ. ಆದರೆ ಗೋಡೆಯ ಕಡೆ ಮುಖ ಮಾಡಿ ಮಲಗುವ ಸಂಗತಿಯನ್ನು ಓದಿದ ಮೇಲೆ ಈ ಮಾತನ್ನು ಕೊನೆಯವರೆಗೆ ಇಟ್ಟುಕೊಳ್ಳುವುದು ನನಗೆ ಸರಿಯೆನಿಸಲಿಲ್ಲ. ತಮ್ಮ ಪ್ರೀತಿಯಿಂದಲೇ ಮಾಡುತ್ತಿದ್ದಾನೆಂಬುದರಲ್ಲಿ ಅನುಮಾನವಿಲ್ಲ. ಹುಬ್ಬಳ್ಳಿಯಲ್ಲಿ ವಾಕ್ ಚಿಕಿತ್ಸಕನಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿರುವ ನಾನು, ಅಂಕಲಿಪಿ ಹಿಡಿದು ಹೆತ್ತವರಿಗೆ ಮೊದಲಿನಿಂದ ಅಕ್ಷರ ಕಲಿಸಲು ಕುಳಿತ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ಅವರ ಶ್ರಮ ವ್ಯರ್ಥವಾಗುವುದು ಶ್ರದ್ಧೆ ಕಡಿಮೆಯಾಗಿ ಅಲ್ಲ, ಹಾಳಾಗಿರದ ಜಾಗವನ್ನು ದುರಸ್ತಿ ಮಾಡಲು ಹೋಗಿ.

ನೀವು ಬರೆದಿರುವುದನ್ನು ನೋಡಿದರೆ ತಂದೆಯವರಿಗಿರುವುದು ಅಫೇಸಿಯಾ, ಅಂದರೆ ಮೆದುಳಿಗಾದ ಹಾನಿಯಿಂದ ಭಾಷೆಯ ಬಳಕೆ ಕೆಡುವ ತೊಂದರೆ. ಅದರಲ್ಲಿಯೂ ವಸ್ತು, ವ್ಯಕ್ತಿ, ಊರುಗಳ ಹೆಸರು ಉಳಿದು, ಅವನ್ನು ಒಂದಕ್ಕೊಂದು ಬೆಸೆಯುವ ಪ್ರತ್ಯಯಗಳೂ ಕ್ರಿಯಾಪದದ ರೂಪಗಳೂ ಜಾರಿಹೋಗುವ ಬಗೆ. ಕಣ್ಣಾರೆ ಪರೀಕ್ಷಿಸದೆ ಇದನ್ನು ಖಚಿತಪಡಿಸುವಂತಿಲ್ಲ, ಏಕೆಂದರೆ ತುಟಿ ನಾಲಿಗೆಗಳ ಸ್ನಾಯು ದುರ್ಬಲವಾಗಿ ಮಾತು ತೊದಲುವುದು ಬೇರೆ ತೊಂದರೆ, ನಾಲಿಗೆಯನ್ನು ಯಾವ ಕ್ರಮದಲ್ಲಿ ಆಡಿಸಬೇಕೆಂಬುದೇ ಮೆದುಳಿಗೆ ಹೊಳೆಯದಿರುವುದು ಇನ್ನೊಂದು ತೊಂದರೆ, ಮತ್ತು ಇವು ಒಬ್ಬರಲ್ಲಿಯೇ ಕೂಡಿ ಇರುವುದೂ ಉಂಟು. ಆದರೆ ವಚನವನ್ನು ಸ್ಪಷ್ಟವಾಗಿ ಹೇಳುವವರ ನಾಲಿಗೆಯಲ್ಲಿ ದೊಡ್ಡ ದೋಷವಿರಲಾರದು.

ಮೊದಲು ನಾಟಕದ ಆರೋಪವನ್ನು ನೋಡೋಣ. ಮನಸ್ಸಿಗೆ ಹೆಚ್ಚು ನೋವು ಕೊಡುವುದು ಅದೇ. ಇದು ಹೊಸ ಒಗಟಲ್ಲ. 1745ರಷ್ಟು ಹಿಂದೆಯೇ ಸ್ವೀಡನ್ನಿನ ಓಲೋಫ್ ಡಾಲಿನ್ ಎಂಬವರು, ಮಾತು ಹೋಗಿದ್ದರೂ ಪ್ರಾರ್ಥನಾಗೀತೆಗಳನ್ನು ಹಾಡಬಲ್ಲವನಾಗಿದ್ದ ರೋಗಿಯೊಬ್ಬನ ಬಗ್ಗೆ ಬರೆದಿದ್ದಾರೆ. 19ನೆಯ ಶತಮಾನದಲ್ಲಿ ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜ್ಯಾಕ್ಸನ್, ವಾಕ್ಯ ಕಟ್ಟಲಾರದ ರೋಗಿಗಳು ಬೈಗುಳವನ್ನೂ ರೂಢಿಯ ಮಾತುಗಳನ್ನೂ ಸಲೀಸಾಗಿ ಆಡುವುದನ್ನು ಗಮನಿಸಿ, ತಾನೇ ತಾನಾಗಿ ಹೊರಡುವ ಮಾತು ಬೇರೆ, ಆ ಕ್ಷಣದಲ್ಲಿ ಕಟ್ಟಿ ಆಡುವ ಮಾತು ಬೇರೆ ಎಂದು ವಿಂಗಡಿಸಿದ. ನಿಮ್ಮ ತಂದೆಯವರಿಗೆ ವಚನವೆಂಬುದು ಐವತ್ತು ವರ್ಷಗಳಿಂದ ಬಾಯಲ್ಲಿ ಆಡಿದ ಒಂದೇ ಇಡಿಯಾದ ಎಳೆ. ತುದಿ ಸಿಕ್ಕರೆ ಉಳಿದದ್ದು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಅದರಲ್ಲಿ ಪ್ರತ್ಯಯಗಳಿವೆ ನಿಜ, ಆದರೆ ಅವನ್ನು ಅವರು ಆಗ ಹಚ್ಚುತ್ತಿಲ್ಲ. ವಿಭಕ್ತಿಯ ಪಟ್ಟಿಯದ್ದೂ ಇದೇ ಕಥೆ. ನಾವದನ್ನು ವ್ಯಾಕರಣವೆಂದು ಕರೆಯುತ್ತೇವೆ. ಮೆದುಳಿಗೆ ಅದು ಮಗ್ಗಿ. ಎರಡರ ಮಗ್ಗಿ ಹೇಳಿದವನು ಆ ಹೊತ್ತಿನಲ್ಲಿ ಗುಣಾಕಾರ ಮಾಡಿದಂತಾಗುವುದಿಲ್ಲವಷ್ಟೆ.

ಬಾಯಿಪಾಠವಾಗಿ ಗೊತ್ತಿರುವ ವ್ಯಾಕರಣಕ್ಕೂ ಮಾತಿನಲ್ಲಿ ನಡೆಯುವ ವ್ಯಾಕರಣಕ್ಕೂ ಇರುವ ದೂರ ಬಹಳ ದೊಡ್ಡದು. ಕೇಶಿರಾಜ ಹಳಗನ್ನಡದ ವ್ಯಾಕರಣವನ್ನು ಸೂತ್ರಗಳಲ್ಲಿ ಕಟ್ಟಿದ್ದು 13ನೆಯ ಶತಮಾನದಲ್ಲಿ. ಅದಕ್ಕೂ ಮೊದಲೇ ಕನ್ನಡ ಆಡುವ ಮೂರು ವರ್ಷದ ಕೂಸು ಅವ್ವನಿಗೂ ಅವ್ವನನ್ನೂ ಬೆರೆಸದೆ ಮಾತಾಡುತ್ತಿತ್ತು. 2020ರಲ್ಲಿ ಕರೋನಾ ಎಂಬ ಶಬ್ದ ನಮ್ಮ ಕಡೆಯ ಹಳ್ಳಿಗಳಿಗೆ ಬಂದಾಗ, ಸಾಲಿಯ ಮೆಟ್ಟಿಲು ಹತ್ತದ ಅಜ್ಜಿಯರು ಕೂಡ ವಾರ ಕಳೆಯುವುದರೊಳಗೆ "ಕರೋನಾದಿಂದ ಹೋದ", "ಕರೋನಾದಾಗ ಲಗ್ನ ಮಾಡಿದ್ರು" ಎಂದು ಆಡತೊಡಗಿದರು. ಆಕಾರಾಂತವಾದ ಈ ಹೊಸ ಪದದ ನಡುವೆ ದಕಾರ ತರಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಮೆರಿಕದ ಜೀನ್ ಬರ್ಕೋ 1958ರಲ್ಲಿ ಪುಟ್ಟ ಮಕ್ಕಳಿಗೆ ಯಾವ ಭಾಷೆಯಲ್ಲಿಯೂ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಕಟ್ಟಿದ ಹೆಸರೊಂದನ್ನು ಹೇಳಿ, ಎರಡಿದ್ದರೆ ಏನನ್ನುತ್ತೀರಿ ಎಂದು ಕೇಳಿದಾಗಲೂ ಇದೇ ಕಂಡಿತ್ತು: ಎಂದೂ ಕೇಳಿರದ ಪದಕ್ಕೆ ಮಕ್ಕಳು ಬಹುವಚನದ ಸರಿಯಾದ ಪ್ರತ್ಯಯ ಹಚ್ಚಿದರು. ಅಂದರೆ ಪದರೂಪಗಳೆಲ್ಲವೂ ಕಪಾಟಿನಲ್ಲಿ ಜೋಡಿಸಿಟ್ಟ ಸಿದ್ಧ ವಸ್ತುಗಳಲ್ಲ. ಬಹುಪಾಲು ರೂಪಗಳನ್ನು ಮೆದುಳು ಬೇಕಾದಾಗ ಬೇಕಾದಷ್ಟು ಕಟ್ಟಿಕೊಳ್ಳುತ್ತದೆ. ಕನ್ನಡದಂಥ ಭಾಷೆಯಲ್ಲಿ ಬೇರೆ ದಾರಿಯೂ ಇಲ್ಲ. ಬಾ ಎಂಬ ಒಂದು ಧಾತುವಿನಿಂದ ಬಂದಾನ, ಬಂದಾಳ, ಬಂದೈತಿ, ಬರಲಿಲ್ಲವಂತೆ, ಬರಬೇಕಾಗಿತ್ತಲ್ಲ ಎಂದು ಹೊರಡುವ ರೂಪಗಳನ್ನು ಎಣಿಸುತ್ತ ಕುಳಿತರೆ ಹೊತ್ತು ಮುಳುಗುತ್ತದೆ.

ಈ ಕಟ್ಟುವ ಕೆಲಸದಲ್ಲಿ ಮುಖ್ಯ ಪಾತ್ರವಿರುವುದು ಬಹುತೇಕ ಜನರಲ್ಲಿ ಮೆದುಳಿನ ಎಡಭಾಗಕ್ಕೆ, ವಿಶೇಷವಾಗಿ ಎಡ ಹಣೆಯ ಹಿಂದೆ ಕೆಳಬದಿಯಲ್ಲಿರುವ ಪ್ರದೇಶಕ್ಕೆ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯ, 'ತಾಂ' ಎಂಬ ಒಂದು ಸದ್ದಿನ ಹೊರತು ಬೇರೇನೂ ಹೇಳಲಾರದಿದ್ದ ಲೆಬೋರ್ಞ ಎಂಬ ರೋಗಿ ತೀರಿಕೊಂಡ ಮೇಲೆ ಅವನ ಮೆದುಳನ್ನು ತೆರೆದು ಅಲ್ಲಿ ಹಾನಿಯನ್ನು ಗುರುತಿಸಿದ. ಅಂದಿನಿಂದ ಅದಕ್ಕೆ ಬ್ರೋಕಾ ಪ್ರದೇಶವೆಂಬ ಹೆಸರು ನಿಂತಿದೆ. ಆದರೆ ಪ್ಯಾರಿಸ್ಸಿನಲ್ಲಿ ಕಾಪಾಡಿಟ್ಟಿದ್ದ ಆ ಮೆದುಳನ್ನು 2007ರಲ್ಲಿ ಎಂಆರ್‌ಐ ಯಂತ್ರದಲ್ಲಿ ಇಟ್ಟು ನೋಡಿದಾಗ ಹಾನಿ ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ, ಹಿಂದುಮುಂದಿನ ಭಾಗಗಳನ್ನು ಜೋಡಿಸುವ ನರತಂತುಗಳವರೆಗೆ ಹೋಗಿರುವುದು ತಿಳಿಯಿತು. ಆದ್ದರಿಂದ ಸ್ಕ್ಯಾನಿನಲ್ಲಿ ಕಪ್ಪು ಚುಕ್ಕೆ ತೋರಿಸಿ "ವ್ಯಾಕರಣ ಇಲ್ಲೇ ಇತ್ತು, ಸುಟ್ಟುಹೋಗಿದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಿವಿಯ ಮೇಲ್ಭಾಗದ ಹಿಂದಿನಿಂದ ಹಣೆಯವರೆಗೆ ಹರಡಿರುವ ಒಂದು ಜಾಲ ಕೂಡಿ ಮಾಡುವ ಕೆಲಸ ಇದು. ಜಾಲದ ಒಂದು ಕಡೆ ತುಂಡಾದರೆ ಉಳಿದದ್ದು ನಿಧಾನವಾಗಿಯಾದರೂ ದುಡಿಯುತ್ತದೆ. ನಿಮ್ಮ ತಂದೆಯವರ ಬಲಗೈಯೂ ಮಾತೂ ಒಟ್ಟಿಗೆ ಕೈಕೊಟ್ಟದ್ದು ಕಾಕತಾಳೀಯವಲ್ಲ. ಬಲಗೈಯನ್ನು ಆಡಿಸುವ ಭಾಗ ಎಡ ಮೆದುಳಿನಲ್ಲಿ ಇದೇ ಪ್ರದೇಶದ ನೆರೆಯಲ್ಲಿದ್ದು, ಎರಡಕ್ಕೂ ರಕ್ತ ಬರುವುದು ಒಂದೇ ರಕ್ತನಾಳದ ಕವಲುಗಳಿಂದ.

ನಿಧಾನವಾಗಿಯಾದರೂ ಎಂದೆನಲ್ಲ, ನನ್ನ ತಿಳಿವಳಿಕೆಯಲ್ಲಿ ಇಡೀ ತೊಂದರೆಯ ಮರ್ಮ ಅಲ್ಲಿದೆ. ತಲೆಗೆ ವಿದ್ಯುತ್ ಅಳೆಯುವ ತಂತಿಗಳನ್ನು ಅಂಟಿಸಿ ವಾಕ್ಯ ಓದಿಸುವ ಇಲ್ಲವೆ ಕೇಳಿಸುವ ಪ್ರಯೋಗಗಳು 1980ರಿಂದ ನಡೆದಿವೆ. "ರೊಟ್ಟಿಗೆ ಚಪ್ಪಲಿ ಹಚ್ಚಿಕೊಂಡು ತಿಂದ" ಎಂಬಂಥ ಅರ್ಥಗೆಟ್ಟ ಪದ ಬಂದಾಗ ಸುಮಾರು 400 ಮಿಲಿಸೆಕೆಂಡಿಗೆ, ಅಂದರೆ ಅರ್ಧ ಸೆಕೆಂಡೂ ಆಗುವ ಮೊದಲು, ಮೆದುಳಿನಲ್ಲಿ ಒಂದು ಅಲೆ ಏಳುತ್ತದೆ. "ಅಕ್ಕ ನಿನ್ನೆ ಊರಿಂದ ಬಂದನು" ಎಂಬಂಥ ರೂಪದ ತಪ್ಪಿಗೆ ಸುಮಾರು 600 ಮಿಲಿಸೆಕೆಂಡಿಗೆ ಬೇರೆ ಬಗೆಯ ಅಲೆ ಏಳುತ್ತದೆ. ನಮ್ಮ ಸರಾಗವಾದ ಮಾತು ನಿಂತಿರುವುದು ಇಷ್ಟು ಬಿಗಿಯಾದ ವೇಳಾಪಟ್ಟಿಯ ಮೇಲೆ. ಲಕ್ವಾದ ನಂತರ ಹೆಸರು ಬರುತ್ತದೆ, ಆದರೆ ಅದಕ್ಕೆ ಹಚ್ಚಬೇಕಾದ ಪ್ರತ್ಯಯ ಬರುವ ಹೊತ್ತಿಗೆ ವಾಕ್ಯ ಮುಂದೆ ಹೋಗಿರುತ್ತದೆ. ಗದಗ ನಿಲ್ದಾಣದಲ್ಲಿ ಗಾಡಿ ಬಿಟ್ಟ ಮೇಲೆ ಗಂಟು ಹೊತ್ತುಕೊಂಡು ಓಡಿಬಂದವನ ಸ್ಥಿತಿ ಅದರದ್ದು. ಗಂಟಿನೊಳಗಿನ ಸಾಮಾನು ಎಲ್ಲಿಯೂ ಹೋಗಿಲ್ಲ. ಇದಕ್ಕೆ ಬಲವಾದ ಪುರಾವೆಯೂ ಇದೆ. 1983ರಲ್ಲಿ ಲೈನ್‌ಬಾರ್ಗರ್ ಮತ್ತು ಸಂಗಡಿಗರು, ತಾವು ಸರಿಯಾದ ವಾಕ್ಯ ಕಟ್ಟಲಾರದ ರೋಗಿಗಳು ಬೇರೆಯವರ ವಾಕ್ಯ ಸರಿಯೋ ತಪ್ಪೋ ಎಂಬುದನ್ನು ಬಹುಮಟ್ಟಿಗೆ ಸರಿಯಾಗಿ ಗುರುತಿಸಬಲ್ಲರೆಂದು ತೋರಿಸಿಕೊಟ್ಟರು. ಮನೆಯಲ್ಲಿ ನೋಡಬೇಕೆಂದರೆ ಮೊಮ್ಮಗ ಅಜ್ಜನ ಮುಂದೆ ತಮಾಷೆಗೆ "ಅಜ್ಜಿ ಬಂದಾನ, ಅಜ್ಜಿ ಚಹಾ ಕುಡದಾನ" ಎನ್ನಲಿ. ಅವರ ಮುಖದಲ್ಲಿ ನಗು ಮೂಡಿದರೆ, ಅಥವಾ ಹಳೆಯ ಮಾಸ್ತರರ ಹುಬ್ಬು ಗಂಟಿಕ್ಕಿದರೆ, ಕನ್ನಡ ಮರೆತಿದ್ದಾರೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಪರೀಕ್ಷೆಯೆಂದು ಗೊತ್ತಾಗುವಂತೆ ಮಾತ್ರ ಮಾಡಬೇಡಿ.

ಈಗ ಪಾಠ ಏಕೆ ಬೇಡವೆಂದದ್ದು ತಿಳಿದಿರಬಹುದು. ಚತುರ್ಥಿಗೆ 'ಗೆ' ಎಂಬುದು ಅವರಿಗೆ ನಿಮ್ಮ ತಮ್ಮನಿಗಿಂತ ಚೆನ್ನಾಗಿ ಗೊತ್ತಿದೆ. ಗೊತ್ತಿರುವುದನ್ನೇ ಹತ್ತು ಸಲ ಹೇಳಿಸಿದರೆ ಗಿಳಿಪಾಠ ಇನ್ನಷ್ಟು ಗಟ್ಟಿಯಾಗುತ್ತದೆ. ಹೊತ್ತಿಗೆ ಸರಿಯಾಗಿ ಪ್ರತ್ಯಯವನ್ನು ಎತ್ತಿಕೊಡುವ ವೇಗ ಹೆಚ್ಚುವುದಿಲ್ಲ. ಜೊತೆಗೆ ಮೂವತ್ತು ವರ್ಷ ಬೇರೆಯವರ ತಪ್ಪು ತಿದ್ದಿದವರನ್ನು ಐದನೆಯ ತರಗತಿಯ ಪುಸ್ತಕದ ಮುಂದೆ ಕೂಡಿಸುವುದರ ಕಹಿಯನ್ನು ನೀವೇ ಊಹಿಸಿಕೊಳ್ಳಿ.

ಅವರು 'ಹೋಗು' ಎನ್ನುವುದರ ಬಗ್ಗೆ ಒಂದು ಮಾತು. ಪದದ ಯಾವ ರೂಪ ಒಂಟಿಯಾಗಿ ನಿಲ್ಲಬಲ್ಲುದೋ ಅದೇ ಮೊದಲು ಬಾಯಿಗೆ ಬರುತ್ತದೆ. 1980ರ ದಶಕದಲ್ಲಿ ಎಲಿಜಬೆತ್ ಬೇಟ್ಸ್ ಮತ್ತು ಸಂಗಡಿಗರು ಬೇರೆ ಬೇರೆ ಭಾಷೆಗಳ ರೋಗಿಗಳನ್ನು ಹೋಲಿಸಿ ನೋಡಿದಾಗ, ಒಂದೇ ಬಗೆಯ ಹಾನಿ ಎಲ್ಲ ಭಾಷೆಗಳಲ್ಲಿ ಒಂದೇ ಬಗೆಯ ಮಾತನ್ನು ಉಳಿಸುವುದಿಲ್ಲವೆಂಬುದು ಸ್ಪಷ್ಟವಾಯಿತು. ಪ್ರತ್ಯಯ ಬಿಟ್ಟರೂ ಪದ ನಿಲ್ಲುವ ಇಂಗ್ಲಿಷಿನಲ್ಲಿ ರೋಗಿಗಳು ಪ್ರತ್ಯಯವನ್ನು ಬಿಟ್ಟೇಬಿಡುತ್ತಾರೆ. ಬಿಟ್ಟರೆ ಪದವೇ ಉಳಿಯದ ಹೀಬ್ರೂವಿನಲ್ಲಿ ಒಂದರ ಬದಲು ಇನ್ನೊಂದನ್ನು ಹಾಕುತ್ತಾರೆ. ಕನ್ನಡದಲ್ಲಿ 'ಸಾಲಿ' ಬರಿದಾಗಿ ನಿಲ್ಲುತ್ತದೆ, 'ಹೋಗು' ಕೂಡ ನಿಲ್ಲುತ್ತದೆ, ಆದರೆ ಅದು ಆಜ್ಞೆಯಾಗಿ ನಿಲ್ಲುತ್ತದೆ. ತೊಂದರೆ ಅಲ್ಲಿದೆ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹಿರಿಯರ ಪತ್ನಿ "ಬಂದ ಕೂಡ್ಲೆ ಹೋಗು ಅಂತಾರ್ರಿ, ನಾ ಬ್ಯಾಡಾಗೇನಿ" ಎಂದು ಕಣ್ಣೀರು ಹಾಕಿದ್ದರು. ಆ ಹಿರಿಯರು ಹೇಳಲು ಹೊರಟದ್ದು ತಾವು ಹೊರಗೆ ಹೋಗಿಬರುತ್ತೇನೆಂದು. ನಿಮ್ಮ ತಾಯಿಯವರಿಗೆ ಇದನ್ನು ತಪ್ಪದೆ ತಿಳಿಸಿ: 'ಹೋಗು', 'ಕೊಡು', 'ತಾ' ಎಂಬುವು ಈಗ ಆಜ್ಞೆಗಳಲ್ಲ, ರೂಪ ಸಿಗದೆ ಉಳಿದ ಧಾತುಗಳು.

ಪ್ರತ್ಯಯ ಬಿದ್ದುಹೋದರೇನು, ಅರ್ಥವಾದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಹಾವೇರಿ ಜಿಲ್ಲೆಯ ಬ್ಯಾಡಗಿಯಿಂದ ಬರುತ್ತಿದ್ದ ಮೆಣಸಿನಕಾಯಿ ವ್ಯಾಪಾರಸ್ಥರೊಬ್ಬರು ಆಸ್ಪತ್ರೆಯಿಂದ ಮನೆಗೆ ಬಂದ ಎರಡನೆಯ ವಾರ ಮಗನನ್ನು ಕರೆದು "ಬಸಪ್ಪ... ಶಂಕರ... ರೊಕ್ಕ... ಕೊಡು" ಎಂದರು. ಹೆಸರುಗಳನ್ನು ನಾನು ಬದಲಿಸಿದ್ದೇನೆ. ಬಸಪ್ಪಗ ಶಂಕರ ಕೊಟ್ಟಾನೋ, ಶಂಕರಗ ಬಸಪ್ಪ ಕೊಡಬೇಕೋ, ಇಬ್ಬರಿಗೂ ನಾವು ಕೊಡಬೇಕೋ, ಇಬ್ಬರಿಂದಲೂ ನಮಗೆ ಬರಬೇಕೋ? ಮಗ ತನಗೆ ತಿಳಿದಂತೆ ಶಂಕರನಿಗೆ ಹಣ ಕೊಟ್ಟು ಬಂದ, ತಂದೆ ಮೂರು ದಿನ ಊಟ ಬಿಟ್ಟರು. ಲೆಕ್ಕವೆಲ್ಲ ಅವರ ತಲೆಯಲ್ಲಿ ಪೈಸೆ ಬಿಡದಂತೆ ಸರಿಯಾಗಿತ್ತು, ಕಾಣೆಯಾಗಿದ್ದದ್ದು ಒಂದು 'ಗ'ಕಾರ ಮಾತ್ರ. ಮುಂದೆ ನಾವು ಒಂದು ಹಾಳೆಯ ಮೇಲೆ ಹೆಸರುಗಳನ್ನು ಬರೆದು ಕೊಟ್ಟೆವು, ಅವರು ಎಡಗೈಯಿಂದ ಬಾಣದ ಗುರುತು ಹಾಕತೊಡಗಿದರು. ಕೇಳಿಸಿಕೊಳ್ಳುವಾಗಲೂ ಇದೇ ತೊಡಕಿದೆ. ಯಾರು ಯಾರನ್ನು ಎಂಬುದು ಪದಗಳ ಅರ್ಥದಿಂದಲೇ ಹೊಳೆಯದಂಥ ವಾಕ್ಯಗಳಲ್ಲಿ ಇಂಥ ರೋಗಿಗಳು ಎಡವುತ್ತಾರೆಂಬುದನ್ನು 1976ರಲ್ಲಿ ಕರಮಾತ್ಸ ಮತ್ತು ಝುರಿಫ್ ತೋರಿಸಿದ್ದರು. 'ರೊಟ್ಟಿಯನ್ನು ತಮ್ಮ ತಿಂದ' ಎಂದರೆ ಗೊಂದಲವಿಲ್ಲ. ರೊಟ್ಟಿ ತಮ್ಮನನ್ನು ತಿನ್ನಲಾರದು. 'ಮಾವನನ್ನು ತಮ್ಮ ಕರೆದ' ಎಂದರೆ ಕರೆದವರು ಯಾರೆಂಬುದು ತಪ್ಪಬಹುದು. ಆದ್ದರಿಂದ ಮುಖ್ಯವಾದ ವಿಷಯ ಹೇಳುವಾಗ ಮಾಡಿದವರ ಹೆಸರನ್ನು ಮೊದಲು ಹೇಳಿ, ಒಂದು ವಾಕ್ಯದಲ್ಲಿ ಒಂದೇ ಸಂಗತಿ ಇಡಿ, ಅದು ಮುಟ್ಟಿದ ಮೇಲೆ ಮುಂದಿನದಕ್ಕೆ ಹೋಗಿ. ಅವರು ಕಿವುಡರಲ್ಲ, ಕೂಗುವ ಅಗತ್ಯವಿಲ್ಲ. ಕೂಸಿನೊಡನೆ ಆಡಿದಂತೆಯೂ ಆಡಬೇಡಿ.

ಇಷ್ಟೆಲ್ಲ ಹೇಳಿದರೂ ವಿದ್ವಾಂಸರಲ್ಲಿ ಒಮ್ಮತವಿದೆಯೆಂದು ತಿಳಿಯಬಾರದು. ನಿಯಮದಂತೆ ಕಟ್ಟುವ ರೂಪಗಳಿಗೆ ಮೆದುಳಿನಲ್ಲಿ ಒಂದು ವ್ಯವಸ್ಥೆ, 'ನಗು'ವಿನಿಂದ 'ನಕ್ಕ' ಆಗುವಂಥ, ನೆನಪಿಟ್ಟುಕೊಂಡೇ ಆಡಬೇಕಾದ ರೂಪಗಳಿಗೆ ಇನ್ನೊಂದು ಎಂಬುದು ಸ್ಟೀವನ್ ಪಿಂಕರ್, ಮೈಕೆಲ್ ಉಲ್ಮನ್ ಮೊದಲಾದವರ ವಾದ. ಎರಡಕ್ಕೂ ಒಂದೇ ಜಾಲ ಸಾಕು, ನಿಯಮದಂತೆ ಕಾಣುವುದು ಬಳಕೆಯ ಒತ್ತಡವಷ್ಟೇ ಎಂಬುದು 1986ರಲ್ಲಿ ರುಮೆಲ್‌ಹಾರ್ಟ್ ಮತ್ತು ಮೆಕ್‌ಕ್ಲೆಲಂಡ್ ಹುಟ್ಟುಹಾಕಿದ ಎದುರುವಾದ. ಈ ಜಗಳದ ಬಹುಭಾಗ ನಡೆದದ್ದು ಇಂಗ್ಲಿಷಿನ ಭೂತಕಾಲದ ಮೇಲೆ. ಒಂದು ಸಾಮಾನ್ಯ ಕ್ರಿಯಾಪದಕ್ಕೆ ನಾಲ್ಕೈದು ರೂಪಗಳಷ್ಟೇ ಇರುವ ಭಾಷೆಯನ್ನು ಮುಂದಿಟ್ಟುಕೊಂಡು ಮನುಷ್ಯನ ಮೆದುಳಿನ ತೀರ್ಮಾನ ಮಾಡುವುದು ಅವಸರದ ಕೆಲಸವೆಂದೇ ನನ್ನ ಅಭಿಪ್ರಾಯ. ನಿಮ್ಮ ತಂದೆಯವರ ಚಿಕಿತ್ಸೆ ಈ ವಾದದ ತೀರ್ಪಿಗಾಗಿ ಕಾಯಬೇಕಾಗಿಲ್ಲ.

ಚಿಕಿತ್ಸೆಯಲ್ಲಿ ಮೊದಲನೆಯ ಸ್ಥಾನ ವಾಕ್ ಚಿಕಿತ್ಸೆಗೇ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಹೆಚ್ಚು ವೇಗವಾಗಿರುತ್ತದೆಂಬುದು ನಿಜ. ಆದರೆ ಆರು ತಿಂಗಳ ಮೇಲೆ ಬಾಗಿಲು ಮುಚ್ಚಿತೆಂಬುದು ಸುಳ್ಳು. ಜರ್ಮನಿಯಲ್ಲಿ ಲಕ್ವಾ ಹೊಡೆದು ಆರು ತಿಂಗಳಿಗೂ ಹೆಚ್ಚು ಕಾಲವಾಗಿದ್ದ, 70 ವರ್ಷದವರೆಗಿನ 150ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವಾರ ಕಾಲ ವಾರಕ್ಕೆ ಕನಿಷ್ಠ ಹತ್ತು ಗಂಟೆ ಚಿಕಿತ್ಸೆ ಪಡೆದವರ ದಿನಬಳಕೆಯ ಮಾತು ಸುಧಾರಿಸಿತ್ತು. ಸರದಿಗಾಗಿ ಕಾಯುತ್ತಿದ್ದವರದು ಸುಧಾರಿಸಿರಲಿಲ್ಲ. ನಿಮ್ಮ ತಂದೆಯವರಿಗೆ ಆಗಿರುವುದು ಐದೇ ತಿಂಗಳು. ತೊಡಕಿರುವುದು ಆ ಹತ್ತು ಗಂಟೆಯಲ್ಲಿ. ವಾರಕ್ಕೊಮ್ಮೆ ಗದಗದಿಂದ ಸುಮಾರು 60 ಕಿಲೋಮೀಟರ್ ಹುಬ್ಬಳ್ಳಿಗೆ ಬಂದು ಮುಕ್ಕಾಲು ಗಂಟೆ ಕುಳಿತು ಹೋದರೆ ಪ್ರಯಾಣದ ದಣಿವೇ ಹೆಚ್ಚಾಗುತ್ತದೆ. ಎರಡು ವಾರಕ್ಕೊಮ್ಮೆ ಬಂದು, ನಡುವೆ ಮೊಬೈಲಿನ ವಿಡಿಯೋ ಕರೆಯಲ್ಲಿ ಚಿಕಿತ್ಸೆ ಪಡೆದು, ಮನೆಯಲ್ಲಿ ದಿನಕ್ಕೆ ಎರಡು ಮೂರು ಸಲ ಇಪ್ಪತ್ತು ನಿಮಿಷದಂತೆ ಅಭ್ಯಾಸ ಮಾಡುವುದು ನನಗೆ ಕಂಡ ಮಟ್ಟಿಗೆ ನಡೆಯಬಲ್ಲ ದಾರಿ. ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಲು ಸಂಕೋಚ ಬೇಡ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇಂಥ ತಜ್ಞರನ್ನು ತಯಾರು ಮಾಡುತ್ತಿದೆ. ಅಫೇಸಿಯಾವನ್ನು ಕನ್ನಡದಲ್ಲಿಯೇ ಅಳೆಯುವ ಪರೀಕ್ಷೆಗಳಿವೆ, ಇಂಗ್ಲಿಷ್ ಪರೀಕ್ಷೆಯನ್ನು ಬಾಯಲ್ಲಿ ಅನುವಾದಿಸಿ ಕೇಳಿದರೆ ಒಪ್ಪಿಕೊಳ್ಳಬೇಡಿ.

ಅಭ್ಯಾಸ ಹೇಗಿರಬೇಕೆಂದರೆ, ಒಂದು ಕ್ರಿಯೆಯನ್ನು ನಡುವೆ ಇಟ್ಟುಕೊಂಡು ಅದರ ಸುತ್ತ ಪ್ರಶ್ನೆ ಕೇಳುತ್ತ ಹೋಗಬೇಕು. 'ಕಲಿಸು' ಎಂಬುದು ಅವರದೇ ಕ್ರಿಯೆ. ಯಾರು ಕಲಿಸಿದ್ರು? ಯಾರಿಗೆ? ಎಲ್ಲೆ? ಕನ್ನಡದ ಒಂದು ಉಪಕಾರವಿದೆ: ಉತ್ತರದಲ್ಲಿ ಬರಬೇಕಾದ ಪ್ರತ್ಯಯ ಪ್ರಶ್ನೆಯಲ್ಲಿಯೇ ಕುಳಿತಿರುತ್ತದೆ. 'ಯಾರಿಗೆ' ಎಂದಾಗ 'ಹುಡುಗರಿಗೆ' ಎಂಬುದಕ್ಕೆ ಅರ್ಧ ದಾರಿ ನಾವೇ ಹಾಕಿಕೊಟ್ಟಿರುತ್ತೇವೆ. ಅವರು 'ಹುಡುಗರು' ಎಂದರೆ "ಹೌದು, ಹುಡುಗರಿಗೆ ಕಲಿಸಿದ್ರಿ" ಎಂದು ಸರಿಯಾದ ರೂಪವನ್ನು ನಿಮ್ಮ ಮಾತಿನಲ್ಲಿ ಸೇರಿಸಿ ಮುಂದೆ ಹೋಗಿ. ಮತ್ತೆ ಹೇಳಿ ಎಂದು ಒತ್ತಾಯಿಸಬೇಡಿ. ಉತ್ತರಕ್ಕಾಗಿ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುವಷ್ಟು ಹೊತ್ತು ಕಾಯಿರಿ. ಹತ್ತಿರದವರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಅಭ್ಯಾಸದ ಭಾಷೆ ಮನೆಯ ಭಾಷೆಯೇ ಆಗಿರಲಿ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ವೃತ್ತಿಯ ಆರಂಭದಲ್ಲಿ ನವಲಗುಂದದ ಕಡೆಯ ಒಬ್ಬ ತಾಯಿಗೆ ಪುಸ್ತಕದ ಕನ್ನಡದಲ್ಲಿ ಬರೆದ ಕಾರ್ಡುಗಳನ್ನಿಟ್ಟು 'ಮನೆಯಲ್ಲಿ' ಎಂದು ಹೇಳಿಸಲು ಆರು ವಾರ ಹೆಣಗಿ, ಪ್ರಗತಿಯಿಲ್ಲವೆಂದು ಕಡತದಲ್ಲಿ ಬರೆದಿದ್ದೆ. ಅವರ ಸೊಸೆ ಕೊನೆಗೆ "ಅತ್ತಿ ಎಂದೂ ಹಂಗ ಅಂದೇ ಇಲ್ಲರೀ, ಮನ್ಯಾಗ ಅಂತಾರ" ಎಂದಳು. ಮರುವಾರ 'ಮನ್ಯಾಗ' ಬಂತು, ಅದರ ಹಿಂದೆಯೇ 'ಹೊಲದಾಗ' ಬಂತು. ನಿಮ್ಮ ತಂದೆಯವರು ಕನ್ನಡ ಮಾಸ್ತರರಾದ್ದರಿಂದ ಎರಡೂ ಕನ್ನಡ ಅವರ ಬಾಯಲ್ಲಿ ಬಳಕೆಯಾಗಿರುತ್ತವೆ. ಯಾವುದು ಮೊದಲು ಬರುತ್ತದೋ ಅದನ್ನೇ ಹಿಡಿದುಕೊಳ್ಳಿ.

ಹಾಡಿನ ಮೂಲಕ ಮಾತು ತರಿಸುವ ಪದ್ಧತಿಯೊಂದನ್ನು 1973ರಲ್ಲಿ ಬಾಸ್ಟನ್ನಿನ ಚಿಕಿತ್ಸಕರು ಪ್ರಕಟಿಸಿದರು. 'ನೀರು ಬೇಕು', 'ಹೊರಗ ಹೋಗೂಣು' ಎಂಬಂಥ ಸಣ್ಣ ಮಾತುಗಳನ್ನು ಎರಡೇ ಸ್ವರಗಳ ಏರಿಳಿತದಲ್ಲಿ, ಎಡಗೈಯಿಂದ ತಾಳ ತಟ್ಟುತ್ತ ಹೇಳಿಸಿ, ಕ್ರಮೇಣ ರಾಗವನ್ನು ಬಿಡಿಸುತ್ತಾರೆ. ವಚನ ಹಾಡಬಲ್ಲ ನಿಮ್ಮ ತಂದೆಯವರಿಗೆ ಇದು ಒಗ್ಗೀತು. ಆದರೆ ಹೀಗೆ ಕಲಿತ ಮಾತು ಅಷ್ಟಕ್ಕೇ ನಿಲ್ಲುವುದು ಹೆಚ್ಚು, ಹೊಸ ವಾಕ್ಯಕ್ಕೆ ಹರಡುವುದು ಕಡಿಮೆ. ವಚನವನ್ನು ಅವರು ಎಷ್ಟು ಬೇಕಾದರೂ ಹೇಳಲಿ, ಮನಸ್ಸಿಗೆ ಹಿತ. ಬಂದವರ ಮುಂದೆ ಹೇಳಿಸಿ ತೋರಿಸುವುದು ಬೇಡ.

ಚಿತ್ರಗಳ ವಹಿ, ಮೊಬೈಲಿನ ಫೋಟೋ, ಬೆರಳಿನ ಸನ್ನೆ ಇವನ್ನೆಲ್ಲ ಕೊಟ್ಟರೆ ಮಾತಾಡಲು ಆಲಸ್ಯ ಬೆಳೆಯುತ್ತದೆಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ನನ್ನ ಅನುಭವ ತದ್ವಿರುದ್ಧವಾಗಿದೆ. ಹೇಳಬೇಕಾದದ್ದು ಹೇಗಾದರೂ ಮುಟ್ಟುತ್ತದೆಂಬ ಭರವಸೆ ಬಂದವರೇ ಬಾಯಿ ತೆರೆಯಲು ಧೈರ್ಯ ಮಾಡುತ್ತಾರೆ.

ಸ್ಟೆಮ್ ಸೆಲ್ ಇಂಜೆಕ್ಷನ್ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಒಪ್ಪಿತ ಕಾಯಿಲೆಗಳನ್ನು ಬಿಟ್ಟರೆ ಈ ಚಿಕಿತ್ಸೆಯನ್ನು ಅನುಮೋದಿತ ಸಂಶೋಧನೆಯ ಹೊರಗೆ ಕೊಡುವಂತಿಲ್ಲ, ಲಕ್ವಾ ಆ ಪಟ್ಟಿಯಲ್ಲಿಲ್ಲ. ಪ್ರತ್ಯಯಗಳನ್ನು ಮರಳಿಸುವ ಮಾತ್ರೆಯೂ ಇಲ್ಲ. ಇರುವ ಮಾತ್ರೆಗಳು ಮತ್ತೊಮ್ಮೆ ಲಕ್ವಾ ಹೊಡೆಯದಂತೆ ತಡೆಯುವವು. ರಕ್ತದೊತ್ತಡದ್ದನ್ನೂ ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವುದನ್ನೂ ಟಾನಿಕ್ ತರುವ ಹುರುಪಿನಲ್ಲಿ ಒಂದು ದಿನವೂ ತಪ್ಪಿಸಬೇಡಿ. ಮಾತು ಇದ್ದಕ್ಕಿದ್ದಂತೆ ಈಗಿರುವುದಕ್ಕಿಂತ ಕೆಟ್ಟರೆ, ಬಾಯಿ ಒಂದು ಬದಿಗೆ ಸೊಟ್ಟಗಾದರೆ, ನಾಳೆ ನೋಡೋಣವೆನ್ನದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.

ಗೋಡೆಯ ಕಡೆ ಮುಖ ಮಾಡುವುದು ಪಾಠದ ಬೇಸರ ಮಾತ್ರವಾಗಿರಲಿಕ್ಕಿಲ್ಲ. ಲಕ್ವಾ ಹೊಡೆದ ಮೂವರಲ್ಲಿ ಸರಿಸುಮಾರು ಒಬ್ಬರಿಗೆ ಖಿನ್ನತೆ ಕಾಡುತ್ತದೆ, ಮಾತಿಲ್ಲದವರಲ್ಲಿ ಅದು ಮನೆಯವರ ಗಮನಕ್ಕೆ ಬರುವುದೇ ತಡ. ಪಾಠ ನಿಲ್ಲಿಸಿದ ಎರಡು ವಾರದ ಮೇಲೆಯೂ ಊಟ, ನಿದ್ದೆ, ಮೊಮ್ಮಗನ ಮೇಲಿನ ಆಸಕ್ತಿ ಮರಳದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ತೋರಿಸಿ. ಖಿನ್ನತೆಗೆ ಔಷಧವಿದೆ, ಅದು ಗುಣವಾಗದೆ ವಾಕ್ ಚಿಕಿತ್ಸೆ ಮುಂದೆ ಸಾಗುವುದೂ ಕಷ್ಟ.

ಮೊದಲಿನಂತೆ ಪಾಠ ಹೇಳಬಲ್ಲರೇ ಎಂದು ಕೇಳಿದ್ದೀರಿ. ನಲವತ್ತು ನಿಮಿಷ ತಡೆಯಿಲ್ಲದೆ ತರಗತಿ ನಡೆಸುವ ಮಾತು ಮರಳುವುದು ಕಷ್ಟವೆಂದೇ ನನಗನಿಸುತ್ತದೆ. ಹಾಗೆ ಆಸೆ ಹುಟ್ಟಿಸುವವರ ಮಾತಿಗೆ ಹಣ ಸುರಿಯಬೇಡಿ. ಮೂರು ನಾಲ್ಕು ಪದಗಳ ವಾಕ್ಯಗಳು, ಅವುಗಳಲ್ಲಿ ಹೆಚ್ಚು ಬಳಕೆಯ 'ಗೆ', 'ಇಂದ', 'ಆಗ' ಪ್ರತ್ಯಯಗಳು, 'ಬಂದಾನ', 'ಹೋಗ್ಯಾಳ' ಎಂಬಂಥ ರೂಪಗಳು ಬರುವ ಒಂದು ವರ್ಷದಲ್ಲಿ ಮರಳುವುದನ್ನು, ಇದೇ ಸ್ಥಿತಿಯಲ್ಲಿ ಬಂದ ಹಲವರಲ್ಲಿ ನಾನು ಕಂಡಿದ್ದೇನೆ. ಮೊಮ್ಮಗ ವ್ಯಾಕರಣ ಓದುವಾಗ ಅಜ್ಜನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಲಿ, ಆದರೆ ವಹಿ ಮೊಮ್ಮಗನದು, ಕೆಂಪು ಪೆನ್ನು ಅಜ್ಜನ ಎಡಗೈಯಲ್ಲಿರಲಿ. ತಪ್ಪು ಕಂಡಲ್ಲಿ ಗೆರೆ ಎಳೆಯಲು ಅವರಿಗೆ ಮಾತು ಬೇಕಾಗಿಲ್ಲ. ನನ್ನಲ್ಲಿಗಾಗಲಿ ಬೇರೆ ಯಾರಲ್ಲಿಗಾಗಲಿ ಬರುವಾಗ ಸ್ಕ್ಯಾನಿನ ವರದಿಯ ಜೊತೆಗೆ, ಅವರು ಮನೆಯಲ್ಲಿ ಸಹಜವಾಗಿ ಮಾತಾಡುತ್ತಿರುವ ಐದು ನಿಮಿಷದ ಧ್ವನಿಮುದ್ರಣವನ್ನೂ, ಸಾಧ್ಯವಾದರೆ ಲಕ್ವಾ ಹೊಡೆಯುವ ಮೊದಲಿನ ಯಾವುದಾದರೂ ಸಮಾರಂಭದಲ್ಲಿ ಅವರು ಮಾತಾಡಿದ ವಿಡಿಯೋವನ್ನೂ ತನ್ನಿ.